ಅಂಕಿತವಿಲ್ಲದ ಮಾತು

ನಮ್ಮ ಕಿಕ್ಕೇರಿಯ ಬ್ರಹ್ಮೇಶ್ವರ ದೇಗುಲವನ್ನು ಕ್ರಿ.ಶ. 1171ರಲ್ಲಿ ಬಮ್ಮವ್ವೆ ನಾಯಕಿತಿ ಎಂಬಾಕೆ ಕಟ್ಟಿಸಿದಳು. ಎಂಟು ಶತಮಾನಗಳು ಕಳೆದರೂ ಆ ಕೆಲಸಕ್ಕೆ ಹೆಸರಿದೆ, ಕಾಲವಿದೆ. ವಚನಕಾರರಂತೂ ಅಂಕಿತವಿಲ್ಲದೆ ಮಾತನ್ನು ಮುಗಿಸಿದವರೇ ಅಲ್ಲ. ಆಡಿದ ಮಾತಿಗೆ ಒಬ್ಬ ಹೊಣೆಗಾರನಿರಬೇಕೆಂಬುದು ಈ ಪರಂಪರೆಯ ತಿರುಳೆಂದು ನನ್ನ ಅಭಿಮತ.

ಇಂದು ನಾಡಿನಲ್ಲಿ ಅತ್ಯಂತ ಹೆಚ್ಚಾಗಿ ಓದಲ್ಪಡುವ ಗದ್ಯವೆಂದರೆ ವಾಟ್ಸಾಪಿನ ಫಾರ್ವರ್ಡು. ಸಾಹಿತ್ಯದ ವಿದ್ಯಾರ್ಥಿ ಇದನ್ನೂ ಒಂದು ಪ್ರಕಾರವೆಂದೇ ಪರಿಶೀಲಿಸಬೇಕು. ಆದಿಯಲ್ಲಿ ಅವಸರ, ಮಧ್ಯದಲ್ಲಿ ಭಯ, ಅಂತ್ಯದಲ್ಲಿ ‘ಎಲ್ಲರಿಗೂ ಕಳುಹಿಸಿ’ ಎಂಬ ಆಜ್ಞೆ: ಇವು ಅದರ ಲಕ್ಷಣಗಳು. ಕರ್ತೃವಿಲ್ಲ, ದಿನಾಂಕವಿಲ್ಲ. ‘ನಾಳೆಯೇ ಕೊನೆಯ ದಿನ’ ಎಂದು ಬರೆದು ತಾರೀಖನ್ನು ಬಿಟ್ಟರೆ, ಆ ನಾಳೆ ಎಂದಿಗೂ ಹಳತಾಗುವುದಿಲ್ಲ! ಜನಪದ ಗೀತೆಗೂ ಕರ್ತೃವಿಲ್ಲವಲ್ಲ ಎಂದು ವಾಚಕರು ಕೇಳಬಹುದು. ನಿಜ; ಆದರೆ ಹಾಡುವವಳು ಎದುರಿಗಿರುತ್ತಾಳೆ, ಅವಳನ್ನು ಕೇಳಬಹುದು.

ಇದನ್ನು ಬರೆಯುವ ಅಧಿಕಾರ ನನಗೆ ಬಂದದ್ದು ನನ್ನ ತಪ್ಪಿನಿಂದಲೇ. ಹೊಸದಾಗಿ ಅರ್ಜಿ ಕೊಡದಿದ್ದರೆ ರೇಷನ್ ಕಾರ್ಡು ರದ್ದಾಗುವುದೆಂಬ ಸಂದೇಶವೊಂದು ಚುನಾವಣೆಯ ಹೊತ್ತಿನಲ್ಲಿ ನನಗೆ ಬಂದಿತು. ಕಾಗುಣಿತದ ತಪ್ಪುಗಳು ಕಣ್ಣಿಗೆ ಚುಚ್ಚಿದವು. ಅವನ್ನು ತಿದ್ದಿ ಊರಿನ ಗುಂಪಿಗೆ ಕಳುಹಿಸಿದೆ. ಮೂರನೆಯ ದಿನ ಮುದುಕಿಯೊಬ್ಬಳು ಕೂಲಿ ಬಿಟ್ಟು, ಬಸ್ಸು ಹತ್ತಿ ಕೃಷ್ಣರಾಜಪೇಟೆಯ ತಾಲ್ಲೂಕು ಕಚೇರಿಗೆ ಹೋಗಿ, ಬರಿಗೈಯಲ್ಲಿ ನಮ್ಮ ಬಾಗಿಲಿಗೆ ಬಂದಳು. “ಮೇಷ್ಟ್ರೇ, ಅಂಥದ್ದೇನೂ ಇಲ್ವಂತೆ. ನೀವೇ ಕಳ್ಸಿದ್ರಲ್ಲಾ ಅಂತ ಓದೆ” ಎಂದಳು. ಭಾಷೆಯನ್ನು ತಿದ್ದಿದ ನಾನು ಸತ್ಯವನ್ನು ವಿಚಾರಿಸಿರಲಿಲ್ಲ. ಅಂಕಿತವಿಲ್ಲದ ಮಾತಿಗೆ ನನ್ನ ಹೆಸರೇ ಅಂಕಿತವಾಗಿತ್ತು.

ಆಕೆ ಕಳೆದುಕೊಂಡದ್ದು ಒಂದು ದಿನದ ಕೂಲಿ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ಹೋದದ್ದು ಪ್ರಾಣ. ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದಕ್ಕೆ ಹೈದರಾಬಾದಿನ ಯುವಕನನ್ನೂ ಅವನ ಸಂಗಡಿಗರನ್ನೂ ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿಸಲಾಯಿತು. ಜನರ ಗುಂಪು ಆ ಯುವಕನನ್ನು ಹೊಡೆದು ಕೊಂದಿತು. 2012ರ ಆಗಸ್ಟಿನಲ್ಲಿ ಇಂಥವೇ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ರೈಲು ಹತ್ತಿದ್ದರು. ಅಂದು ಸರ್ಕಾರ ಒಟ್ಟಾಗಿ ಕಳುಹಿಸುವ ಎಸ್ಸೆಮ್ಮೆಸ್ಸಿಗೆ ಕೆಲವು ದಿನ ಐದರ ಮಿತಿ ಹಾಕಿತು. 2018ರಲ್ಲಿ ವಾಟ್ಸಾಪೂ ಒಮ್ಮೆಗೆ ಐದು ಕಡೆಗೆ ಮಾತ್ರವೆಂದಿತು. ಆದರೆ ಸುಳ್ಳಿಗೆ ಐದು ಕಿವಿ ಸಾಲದೇ?

ಬಾಯಿ ಕಟ್ಟುವುದು ಮದ್ದಲ್ಲ. ಆನ್‌ಲೈನ್ ಮಾತನ್ನು ಅಪರಾಧವಾಗಿಸುತ್ತಿದ್ದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ರದ್ದುಮಾಡಿದ್ದು ಉಚಿತವೇ ಆಗಿದೆ. ಪತ್ರಿಕೆಗೆ ಎಟುಕದ ಹಳ್ಳಿಯ ಕೆಟ್ಟ ರಸ್ತೆ, ಬತ್ತಿದ ನಲ್ಲಿ ಇಂದು ಈ ಮಾಧ್ಯಮದಿಂದಲೇ ಅಧಿಕಾರಿಗಳ ಕಣ್ಣಿಗೆ ಬೀಳುತ್ತವೆ. ಆದುದರಿಂದ ಯಾರು ಹೇಳಿದರು, ಎಂದು ಹೇಳಿದರು, ಯಾರಿಗೆ ಲಾಭ ಎಂದು ಕೇಳುವ ವಿಮರ್ಶಕನ ಕೆಲಸ ಇನ್ನು ಪ್ರತಿಯೊಬ್ಬ ಪೌರನದು. ಮಾತಿಗೆ ಅಂಕಿತವಿಲ್ಲದಿದ್ದರೆ, ಕಳುಹಿಸುವ ಮುನ್ನ ನಮ್ಮ ಹೆಸರನ್ನು ಅದರ ಕೆಳಗೆ ಬರೆದು ಓದಿಕೊಳ್ಳೋಣ. ನಾಚಿಕೆಯಾದರೆ ಅಲ್ಲಿಯೇ ನಿಲ್ಲಿಸೋಣ.