ದೂರದೇಶ ಮತ್ತು ಮನೆಯ ಋಣ: ಫೇತ್ ರಿಂಗೋಲ್ಡ್ ಅವರ ‘ಫ್ರೆಂಚ್ ಕಲೆಕ್ಷನ್’

ಅಮೆರಿಕದ ಕಪ್ಪು ಕಲಾವಿದೆ ಫೇತ್ ರಿಂಗೋಲ್ಡ್ (1930–2024) ಅವರು 1991ರಿಂದ 1997ರ ನಡುವೆ ರಚಿಸಿದ ‘ದಿ ಫ್ರೆಂಚ್ ಕಲೆಕ್ಷನ್’ 12 ಕ್ವಿಲ್ಟ್‌ಗಳ ಒಂದು ಸರಣಿ. ಪಿಕಾಸೊ, ಮಾಟೀಸ್, ವ್ಯಾನ್ ಗೋ ಮೊದಲಾದ ಗಂಡಸರು ಕಟ್ಟಿದ ಯೂರೋಪಿನ ಆಧುನಿಕ ಚಿತ್ರಕಲೆಯ ಪರಂಪರೆಗೆ ಕಪ್ಪು ಹೆಣ್ಣೊಬ್ಬಳು ಕೊಟ್ಟ ಉತ್ತರವೆಂದೇ ಇದನ್ನು ಸಾಮಾನ್ಯವಾಗಿ ಓದಲಾಗುತ್ತದೆ. ಆ ಓದಿಗೆ ಬೇಕಾದಷ್ಟು ಆಧಾರ ಕೃತಿಯಲ್ಲೇ ಇದೆ. ಆದರೆ ಸರಣಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರೆ ಅದರ ಭಾರವೆಲ್ಲ ಇನ್ನೊಂದು ಪ್ರಶ್ನೆಯ ಮೇಲೆ ಬಿದ್ದಿರುವುದು ಗೋಚರಿಸುತ್ತದೆ. ಕಲೆಗಾಗಿ ದೂರದೇಶಕ್ಕೆ ಹೋದ ಹೆಣ್ಣು ತಾನು ಹಿಂದೆ ಬಿಟ್ಟ ಮನೆಗೆ, ಮಕ್ಕಳಿಗೆ, ತನ್ನ ಪಾಲಿನ ಕೆಲಸವನ್ನು ಹೊತ್ತವರಿಗೆ ಯಾವ ಸಮಾಧಾನ ಹೇಳಬೇಕು ಎಂಬುದೇ ಆ ಪ್ರಶ್ನೆ. ಈ ಸರಣಿಯ ಸತ್ವವನ್ನೂ ಮಿತಿಯನ್ನೂ ಅಳೆಯಲು ಇದಕ್ಕಿಂತ ತಕ್ಕ ಒರೆಗಲ್ಲು ಸಿಗಲಾರದು.

ಕ್ವಿಲ್ಟ್ ಎಂದರೆ ಮೇಲ್ಬಟ್ಟೆ, ನಡುವಿನ ಹತ್ತಿಯ ಪದರ ಮತ್ತು ಕೆಳಬಟ್ಟೆ ಈ ಮೂರನ್ನೂ ಒಟ್ಟಿಗೆ ಹಿಡಿದು ಉದ್ದಕ್ಕೂ ದಾರ ಓಡಿಸಿ ಹೊಲಿದ ಹೊದಿಕೆ. ಹಳೆಯ ಸೀರೆ ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಇದರ ರಚನೆ ಹೊಸದಲ್ಲ. ರಿಂಗೋಲ್ಡ್ ಅವರು ರೂಢಿಗೆ ತಂದ ‘ಕಥಾಕ್ವಿಲ್ಟ್’ನಲ್ಲಿ ಇದಕ್ಕೆ ಇನ್ನೆರಡು ಅಂಶಗಳು ಸೇರುತ್ತವೆ. ನಡುವಿನ ದೊಡ್ಡ ಭಾಗದಲ್ಲಿ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣದ ಚಿತ್ರವಿರುತ್ತದೆ. ಅದರ ಮೇಲೂ ಕೆಳಗೂ ಬರುವ ಪಟ್ಟಿಗಳಲ್ಲಿ ಕೈಬರಹದಲ್ಲಿ ಕಥೆ ಸಾಗುತ್ತದೆ. ಇವೆಲ್ಲವನ್ನೂ ಅಚ್ಚಿನ ಬಟ್ಟೆಯ ತುಂಡುಗಳನ್ನು ಜೋಡಿಸಿದ ಅಂಚು ಸುತ್ತುವರಿದಿರುತ್ತದೆ. ನೋಡುಗನಿಗೆ ಹೀಗೆ ಚಿತ್ರ, ಓದು, ಹೊಲಿಗೆ ಮೂರೂ ಏಕಕಾಲದಲ್ಲಿ ಎದುರಾಗುತ್ತವೆ. 1983ರ ‘ಹೂ ಈಸ್ ಅಫ್ರೇಡ್ ಆಫ್ ಆಂಟ್ ಜೆಮೈಮಾ?’ ಈ ಬಗೆಯ ಮೊದಲ ಕೃತಿ. ತಮ್ಮ ಆತ್ಮಕಥೆಗೆ ಪ್ರಕಾಶಕರು ಸಿಗದಿದ್ದ ಆ ಕಾಲದಲ್ಲಿ, ಬರೆದದ್ದು ಜನರ ಕಣ್ಣಿಗೆ ಬೀಳಲು ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲದ ದಾರಿಯೊಂದನ್ನು ಅವರು ಬಟ್ಟೆಯಲ್ಲಿ ಕಂಡುಕೊಂಡರು.

ಈ ರೂಪಕ್ಕೆ ಅವರು ಬಂದು ಮುಟ್ಟಿದ ಬಗೆಯಲ್ಲಿ ಪ್ರವಾಸ ಮತ್ತು ಮನೆ ಎರಡೂ ಹೆಣೆದುಕೊಂಡಿವೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿ, 1955ರಿಂದ 1973ರವರೆಗೆ ಆ ನಗರದ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಕಲಿಸುತ್ತಿದ್ದ ರಿಂಗೋಲ್ಡ್ ಅವರು 1961ರಲ್ಲಿ ತಾಯಿ ವಿಲ್ಲಿ ಪೋಸಿ ಮತ್ತು ಇಬ್ಬರು ಹೆಣ್ಣುಮಕ್ಕಳೊಡನೆ ಯೂರೋಪಿಗೆ ಹೋಗಿ ಲೂವ್ರ್ ಮೊದಲಾದ ಸಂಗ್ರಹಾಲಯಗಳನ್ನು ನೋಡಿದರು. ಅಷ್ಟರಲ್ಲಿ ಸೋದರನ ಸಾವಿನ ಸುದ್ದಿ ಬಂದು, ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಿ ನಾಲ್ವರೂ ಅಂತ್ಯಕ್ರಿಯೆಗಾಗಿ ಊರಿಗೆ ಮರಳಬೇಕಾಯಿತು. 1972ರ ಇನ್ನೊಂದು ಪ್ರವಾಸದಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಅವರು ಟಿಬೆಟ್ ಮತ್ತು ನೇಪಾಳದ ಥಂಕಾಗಳನ್ನು ಕಂಡರು. ಥಂಕಾ ಎಂದರೆ ರೇಷ್ಮೆಯ ಅಂಚಿನೊಳಗೆ ಹೊಲಿದು ತೂಗುಹಾಕುವ, ಬೇಡವಾದಾಗ ಸುರುಳಿ ಸುತ್ತಿಡಬಹುದಾದ ಬೌದ್ಧ ಚಿತ್ರಪಟ. ಬೈಲಕುಪ್ಪೆಯ ಟಿಬೆಟಿಯನ್ ಮಠಗಳನ್ನು ನೋಡಿದ ಕನ್ನಡಿಗರಿಗೂ ಅದರ ಪರಿಚಯವಿದೆ. ಮರದ ಚೌಕಟ್ಟಿಗೆ ಬಿಗಿದ ಭಾರದ ಕ್ಯಾನ್ವಾಸ್‌ಗಳನ್ನು ಎತ್ತಿಳಿಸಲು ಇನ್ನೊಬ್ಬರ ನೆರವಿಗೆ ಕಾಯಬೇಕಿದ್ದ ಕಲಾವಿದೆಗೆ, ಮಡಿಸಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ತಾನೇ ಸಾಗಿಸಬಹುದಾದ ಚಿತ್ರ ಎಂಬುದು ದೊಡ್ಡ ಬಿಡುಗಡೆಯಾಗಿ ಕಂಡಿತು.

ಹೊರನಾಡಿನಲ್ಲಿ ಕಂಡ ಈ ರೂಪಕ್ಕೆ ಬೇಕಾದ ಹೊಲಿಗೆಯ ವಿದ್ಯೆ ಅವರ ಮನೆಯಲ್ಲೇ ಇತ್ತು ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. ವಿಲ್ಲಿ ಪೋಸಿ ಹಾರ್ಲೆಮ್‌ನಲ್ಲಿ ಹೆಸರಾದ ಉಡುಪು ವಿನ್ಯಾಸಕಿ. ಅವರ ಹಿರೀಕರ ಸಾಲಿನಲ್ಲಿ, ಗುಲಾಮಗಿರಿಯಲ್ಲಿ ಹುಟ್ಟಿ ಒಡೆಯರ ಮನೆಗೆ ಕ್ವಿಲ್ಟ್ ಹೊಲಿದ ಸೂಸಿ ಶಾನನ್ ಇದ್ದರು. ಪ್ರವಾಸದಿಂದ ಮರಳಿದ ಮಗಳ ಚಿತ್ರಗಳಿಗೆ ಬಟ್ಟೆಯ ಅಂಚು ಕಟ್ಟಿಕೊಟ್ಟವರು ತಾಯಿ. 1980ರಲ್ಲಿ ತಾಯಿ–ಮಗಳು ಸೇರಿ ಹಾರ್ಲೆಮ್‌ನ 30 ಮುಖಗಳಿರುವ ‘ಎಕೋಸ್ ಆಫ್ ಹಾರ್ಲೆಮ್’ ಎಂಬ ಮೊದಲ ಕ್ವಿಲ್ಟ್ ಮಾಡಿದರು. ಮರುವರ್ಷವೇ ತಾಯಿ ತೀರಿಕೊಂಡರು. ಹೊರಗೆ ಕಂಡದ್ದು ಮನೆಯ ಕೈಗಳಿಗೆ ಸಿಕ್ಕಾಗ ಮಾತ್ರ ತನ್ನದಾಗುತ್ತದೆ ಎಂಬ ಅರಿವು ರಿಂಗೋಲ್ಡ್ ಅವರ ಮುಂದಿನ ಕೆಲಸಕ್ಕೆಲ್ಲ ತಳಪಾಯವಾಯಿತು.

‘ಫ್ರೆಂಚ್ ಕಲೆಕ್ಷನ್’ನ ನಾಯಕಿ ವಿಲಿಯಾ ಮರೀ ಸಿಮೋನ್ ಒಂದು ಕಲ್ಪಿತ ಪಾತ್ರ. 1920ರ ದಶಕದಲ್ಲಿ, 16ರ ಹರೆಯದಲ್ಲಿ, ಚಿತ್ರಕಾರ್ತಿಯಾಗುವ ಹಂಬಲದಿಂದ ಅವಳು ಅಮೆರಿಕ ಬಿಟ್ಟು ಪ್ಯಾರಿಸ್ಸಿಗೆ ಹೋಗುತ್ತಾಳೆ. ಫ್ರೆಂಚನೊಬ್ಬನನ್ನು ಮದುವೆಯಾಗಿ ಎರಡು ಮಕ್ಕಳ ತಾಯಿಯಾಗುತ್ತಾಳೆ. ಗಂಡ ಸತ್ತ ಮೇಲೆ ಮಕ್ಕಳನ್ನು ಅಟ್ಲಾಂಟಾದಲ್ಲಿರುವ ಆಂಟ್ ಮೆಲಿಸ್ಸಾ ಎಂಬ ಹಿರಿಯ ಬಂಧುವಿನ ಮಡಿಲಿಗೆ ಒಪ್ಪಿಸಿ, ಚಿತ್ರಕಾರರಿಗೆ ರೂಪದರ್ಶಿಯಾಗಿಯೂ ಕೆಫೆಯೊಂದರ ಒಡತಿಯಾಗಿಯೂ ಬದುಕು ನಡೆಸುತ್ತಾಳೆ. ಅಂಚಿನ ಪಟ್ಟಿಗಳ ಬರಹದಲ್ಲಿ ಈ ಬದುಕು ಬಹುಮಟ್ಟಿಗೆ ಅವಳ ದನಿಯಲ್ಲೇ, ಮೆಲಿಸ್ಸಾಳಿಗೆ ಬರೆದ ಪತ್ರಗಳಾಗಿ ತೆರೆದುಕೊಳ್ಳುತ್ತದೆ. ಈ ಏರ್ಪಾಡಿನ ಅರ್ಥ ಸಣ್ಣದಲ್ಲ. ನಡುವಿನ ಚಿತ್ರದಲ್ಲಿ ಪ್ಯಾರಿಸ್ಸಿನ ಬೆಡಗು ತುಂಬಿರುವಾಗ, ಅದನ್ನು ಸುತ್ತಿ ಹಿಡಿದಿರುವ ಅಂಚು ಊರಿನ ಕಡೆಗೆ ಮುಖ ಮಾಡಿರುತ್ತದೆ. ನಾಯಕಿ ಕಂಡದ್ದೆಲ್ಲ ಮನೆಯವಳೊಬ್ಬಳಿಗೆ ಒಪ್ಪಿಸಬೇಕಾದ ವರದಿಯಾಗುತ್ತದೆ.

ಸರಣಿಯ ಮೊದಲ ಕೃತಿಯಾದ ‘ಡ್ಯಾನ್ಸಿಂಗ್ ಅಟ್ ದಿ ಲೂವ್ರ್’ (1991) ಈ ಹೆಣಿಗೆಯನ್ನು ಲವಲವಿಕೆಯಿಂದ ತೋರಿಸುತ್ತದೆ. ಗೆಳತಿ ಮಾರ್ಸಿಯಾ ಮತ್ತು ಅವಳ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಮೋನಾಲಿಸಾ ನೋಡಲೆಂದು ವಿಲಿಯಾ ಮರೀ ಕರೆದೊಯ್ದರೆ, ಮಕ್ಕಳು ಆ ಜಗತ್ಪ್ರಸಿದ್ಧ ಚಿತ್ರಕ್ಕೆ ಬೆನ್ನು ಹಾಕಿ ಕೈ ಮೇಲೆತ್ತಿ ಕುಣಿಯುತ್ತಾರೆ. ಗದ್ದಲ ಕೂಡದ ಜಾಗದಲ್ಲಿ ಮನೆಯಂಗಳದ ಸ್ವಾತಂತ್ರ್ಯವನ್ನು ಹೂಡುವ ಈ ಕುಣಿತದ ಮೇಲೆ ವಿಮರ್ಶಕರ ಕಣ್ಣು ಸಹಜವಾಗಿ ನಿಂತಿದೆ. ಆದರೆ ಹಿಂದಿನ ಗೋಡೆಯ ಚಿತ್ರಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮೋನಾಲಿಸಾಳ ಅಕ್ಕಪಕ್ಕದಲ್ಲಿರುವವು ಲಿಯೊನಾರ್ಡೊ ಬಿಡಿಸಿದ ತಾಯಿ–ಮಗುವಿನ ಚಿತ್ರಗಳು. ಮುಂದೆ ಇರುವುದು ಮಕ್ಕಳೊಡನಿರುವ ಮಾರ್ಸಿಯಾ. ಈ ಎರಡು ತಾಯ್ತನಗಳ ನಡುವೆ ನಿಂತಿರುವವಳು, ತನ್ನ ಮಕ್ಕಳನ್ನು ಸಾಗರದಾಚೆಗೆ ಕಳಿಸುವ ವಿಲಿಯಾ ಮರೀ. ಹೀಗೆ ಕುಣಿತದ ಸಡಗರದೊಳಗೇ ಒಂದು ಕೊರತೆಯನ್ನು, ಯಾರೂ ಬಾಯಿಬಿಟ್ಟು ಹೇಳದಂತೆ, ಚಿತ್ರದ ಜೋಡಣೆಯಿಂದಲೇ ಸೂಚಿಸಿರುವುದು ಉನ್ನತ ಮಟ್ಟದ ಕಸುಬುದಾರಿಕೆ.

‘ದಿ ಸನ್‌ಫ್ಲವರ್ಸ್ ಕ್ವಿಲ್ಟಿಂಗ್ ಬೀ ಅಟ್ ಆರ್ಲ್’ (1991) ಇಡೀ ಸರಣಿಯ ಶಿಖರ. ‘ಕ್ವಿಲ್ಟಿಂಗ್ ಬೀ’ ಎಂದರೆ ಹೆಂಗಸರು ಒಂದೆಡೆ ಕೂಡಿ, ಮಾತುಕತೆಯ ನಡುವೆ ಒಂದೇ ಕ್ವಿಲ್ಟನ್ನು ಹೊಲಿದು ಮುಗಿಸುವ ಕೂಟ. ವ್ಯಾನ್ ಗೋ 1888ರಲ್ಲಿ ಸೂರ್ಯಕಾಂತಿಗಳನ್ನು ಚಿತ್ರಿಸಿದ ಆರ್ಲ್ ಊರಿನ ಹೊಲದಲ್ಲಿ ಎಂಟು ಕಪ್ಪು ಮಹಿಳೆಯರು ಸೂರ್ಯಕಾಂತಿಯ ಕ್ವಿಲ್ಟೊಂದನ್ನು ಹರಡಿ ಹಿಡಿದಿದ್ದಾರೆ. ಅವರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಇತರರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್, ಗುಂಪುಹತ್ಯೆಗಳ ವಿರುದ್ಧ ಬರೆದ ಪತ್ರಕರ್ತೆ ಐಡಾ ಬಿ. ವೆಲ್ಸ್, ಮಿಸಿಸಿಪಿಯಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್, 1955ರಲ್ಲಿ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಟ್ಟೇಳಲು ಒಪ್ಪದ ರೋಸಾ ಪಾರ್ಕ್ಸ್ ಇದ್ದಾರೆ. ಸೋಜರ್ನರ್ ಟ್ರೂತ್, ಮೇಡಮ್ ಸಿ. ಜೆ. ವಾಕರ್, ಮೇರಿ ಮೆಕ್ಲೌಡ್ ಬೆಥೂನ್, ಎಲ್ಲಾ ಬೇಕರ್ ಅವರೂ ಜೊತೆಗಿದ್ದಾರೆ. ಬೇರೆಬೇರೆ ಕಾಲದಲ್ಲಿ ಬಾಳಿದ ಇವರನ್ನು ಹೊಲಿಗೆಯ ಕೆಲಸ ಒಂದೆಡೆ ಕೂಡಿಸುತ್ತದೆ. ವ್ಯಾನ್ ಗೋ ಹೂದಾನಿ ಹಿಡಿದು ಪಕ್ಕದಲ್ಲಿ ನಿಂತಿದ್ದಾನೆ. ಹೆಂಗಸರ ಗಮನ ಅವನ ಕಡೆಗಿಲ್ಲ, ಬರಹದಲ್ಲಿ ಡಚ್ಚರ ಗುಲಾಮ ವ್ಯಾಪಾರದ ನೆನಪೂ ಬಂದುಹೋಗುತ್ತದೆ.

ಈ ಕೃತಿಯ ಬಲ ಕೈಗಳ ಚಿತ್ರಣದಲ್ಲಿದೆ. ಎಂಟು ಮಂದಿಯ ಕೈಗಳು ಬಟ್ಟೆಯ ತುದಿಗಳನ್ನು ಹಿಡಿದಿರುವುದರಿಂದ ನಾವು ನೋಡುತ್ತಿರುವ ಕ್ವಿಲ್ಟಿನೊಳಗೆ ಮತ್ತೊಂದು ಕ್ವಿಲ್ಟ್ ಮೂಡುತ್ತದೆ, ಮತ್ತು ನಾಡಿನ ಚರಿತ್ರೆಯನ್ನು ಬದಲಿಸಿದ ಹೋರಾಟಕ್ಕೂ ಮನೆಯ ಹೊದಿಕೆ ಹೊಲಿಯುವ ಕೆಲಸಕ್ಕೂ ನಡುವೆ ಇದೆಯೆಂದು ಬಗೆಯಲಾದ ಮೇಲು–ಕೀಳು ಅಳಿದುಹೋಗುತ್ತದೆ. ವಿಲಿಯಾ ಮರೀಗೆ ಪರನಾಡಿನ ಬಯಲಿನಲ್ಲಿ ಎದುರಾಗುವವರು ಅವಳದೇ ನಾಡಿನ ಹಿರಿಯ ಹೆಣ್ಣುಮಕ್ಕಳು. ಪ್ಯಾರಿಸ್ಸಿನ ಕಲಾಗುರುಗಳಿಂದ ಅವಳು ಕಲಿಯಬೇಕಾದದ್ದಕ್ಕಿಂತ ಹೆಚ್ಚಿನದನ್ನು ಇವರಿಂದ ಕಲಿಯಬೇಕಿದೆ ಎಂಬ ನಿಲುವನ್ನು ಕೃತಿ ಘೋಷಣೆಯಿಲ್ಲದೆ ಸ್ಥಾಪಿಸುತ್ತದೆ.

ಅದೇ ವರ್ಷದ ‘ಮಾಟೀಸ್ಸ್ ಚಾಪೆಲ್’ನಲ್ಲಿ ಕಲಾವಿದೆಯ ಸ್ವಂತ ಮನೆ ನೇರವಾಗಿ ಚಿತ್ರದೊಳಕ್ಕೆ ಬರುತ್ತದೆ. ದಕ್ಷಿಣ ಫ್ರಾನ್ಸಿನ ವಾನ್ಸ್ ಎಂಬಲ್ಲಿ ಮಾಟೀಸ್ ವಿನ್ಯಾಸಗೊಳಿಸಿದ, 1951ರಲ್ಲಿ ಪೂರ್ಣಗೊಂಡ ಪ್ರಾರ್ಥನಾ ಮಂದಿರದಲ್ಲಿ ರಿಂಗೋಲ್ಡ್ ಅವರ ಕುಟುಂಬದ ಗತಿಸಿದ ಹಿರಿಯರು, ಬಂಧುಗಳು ಮದುವೆಯ ಚಿತ್ರಕ್ಕೆ ಕುಳಿತವರಂತೆ ನೆರೆದಿದ್ದಾರೆ. ಮನೆಯ ಸಾವೊಂದು 1961ರ ಪ್ರವಾಸವನ್ನು ತುಂಡರಿಸಿತ್ತೆಂಬುದನ್ನು ನೆನೆದರೆ ಈ ಕೂಟದ ಅರ್ಥ ಇನ್ನೂ ಆಳವಾಗುತ್ತದೆ: ಮನೆಯ ಕರೆ ಬಂದು ಬಿಟ್ಟುಬಂದ ಫ್ರಾನ್ಸಿಗೆ ಕಲಾವಿದೆ ಮೂರು ದಶಕಗಳ ಮೇಲೆ, ಈ ಬಾರಿ ತೀರಿಕೊಂಡವರನ್ನೆಲ್ಲ ಜೊತೆಗೆ ಕರೆದುಕೊಂಡೇ ಹೋಗಿದ್ದಾರೆ. ಮಾಟೀಸ್‌ನ ಬಿಳಿಗೋಡೆ, ಬಣ್ಣದ ಗಾಜು ಇಲ್ಲಿ ಆ ಬಂಧುಗಳಿಗೆ ಹಿನ್ನೆಲೆಯಾಗಿ ಮಾತ್ರ ಉಳಿಯುತ್ತವೆ.

ಇಷ್ಟು ಸತ್ವವುಳ್ಳ ಸರಣಿಗೆ ಮಿತಿಗಳೂ ಇವೆ. ಮೊದಲನೆಯದು ಬರಹ ಮತ್ತು ಚಿತ್ರದ ನಡುವಿನ ಅಸಮತೋಲ. ಸುಮಾರು ಆರು ಅಡಿಯ ಕ್ವಿಲ್ಟಿನ ಮೇಲ್ತುದಿಯ ಪಟ್ಟಿಯಲ್ಲಿ ಒತ್ತೊತ್ತಾಗಿ ಬರೆದ ಸಾಲುಗಳನ್ನು ಗೋಡೆಯ ಮುಂದೆ ನಿಂತು ಓದುವುದು ಕಷ್ಟ. ಮುದ್ರಿತ ಪ್ರತಿಗಳಲ್ಲಿ ಅವು ಬಹುಪಾಲು ಕಾಣುವುದೇ ಇಲ್ಲ. ಮಕ್ಕಳ ವಿಚಾರದ ಮುಖ್ಯ ಸಂಗತಿಗಳೆಲ್ಲ ಆ ಸಾಲುಗಳಲ್ಲಿರುವುದರಿಂದ, ಓದದೆ ನೋಡಿದವರಿಗೆ ಪ್ಯಾರಿಸ್ ದಕ್ಕಿ ಮನೆ ತಪ್ಪಿಹೋಗುತ್ತದೆ. ಸರಣಿಯ ಬಗ್ಗೆ ಒಂದೇ ಬಗೆಯ ಓದು ಬೆಳೆದಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಎರಡನೆಯದು, ಸರಣಿಯ ಎರಡನೇ ಭಾಗದ ‘ಲ ಕೆಫೆ ದೇಸ್ ಆರ್ಟಿಸ್ಟ್’ನಂಥ ಕೃತಿಗಳಲ್ಲಿ ಹೆಸರಾಂತ ವ್ಯಕ್ತಿಗಳು ಕಿಕ್ಕಿರಿದು, ಸೂರ್ಯಕಾಂತಿ ಹೊಲದಲ್ಲಿ ಕೆಲಸವೊಂದು ತಂದುಕೊಟ್ಟಿದ್ದ ಒಗ್ಗಟ್ಟು ಇಲ್ಲಿ ಬರಿಯ ಹಾಜರಿಪಟ್ಟಿಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಮಕ್ಕಳಿಗೆ ಉಣಿಸಿ, ಉಡಿಸಿ, ಬೆಳೆಸಿದವಳು ಮೆಲಿಸ್ಸಾ. ಆದರೆ ಸರಣಿಯಲ್ಲಿ ಅವಳು ಪತ್ರಗಳ ವಿಳಾಸವಾಗಿಯೇ ಹೆಚ್ಚು ಇರುತ್ತಾಳೆ. ಒಬ್ಬಳ ಕಲೆಗೆ ಇನ್ನೊಬ್ಬಳ ದುಡಿಮೆ ಆಧಾರವಾಗಿದೆಯೆಂದು ಒಪ್ಪಿಕೊಳ್ಳುವ ಕೃತಿ, ಆ ದುಡಿಮೆಗೆ ಕೇಂದ್ರದ ಒಂದು ಚಿತ್ರವನ್ನಾದರೂ ಮೀಸಲಿಡಬೇಕಿತ್ತು. ಎಂಟು ಚರಿತ್ರಪ್ರಸಿದ್ಧ ಮಹಿಳೆಯರಿಗೆ ಸಿಕ್ಕ ಗೌರವ ಅಟ್ಲಾಂಟಾದ ಅಡುಗೆಮನೆಗೆ ಸಿಗದೆಹೋದದ್ದು ಈ ಸರಣಿಯ ನಿಜವಾದ ಲೋಪ.

ಹಾಗಿದ್ದೂ ಕೃತಿ ತನ್ನ ನಾಯಕಿಯನ್ನು ಸುಲಭವಾಗಿ ಪಾರುಮಾಡುವುದಿಲ್ಲ ಎಂಬುದಕ್ಕೆ 12ನೆಯ ಕ್ವಿಲ್ಟಾದ ‘ಮೊರಾಕನ್ ಹಾಲಿಡೇ’ (1997) ಸಾಕ್ಷಿ. ಕಪ್ಪು ಜನರ ಹೋರಾಟದ ನಾಯಕರಾದ ಫ್ರೆಡರಿಕ್ ಡಗ್ಲಸ್, ಮಾರ್ಕಸ್ ಗಾರ್ವಿ, ಮಾಲ್ಕಮ್ ಎಕ್ಸ್, ಮಾರ್ಟಿನ್ ಲೂಥರ್ ಕಿಂಗ್ ಅವರ ಭಾವಚಿತ್ರಗಳ ನಡುವೆ ವಿಲಿಯಾ ಮರೀ ಮತ್ತು ಬೆಳೆದು ನಿಂತ ಮಗಳು ಮಾರ್ಲೀನಾ ಎದುರುಬದುರಾಗುತ್ತಾರೆ. ತಾಯಿ ತನ್ನನ್ನು ದೂರ ಕಳಿಸಿದ್ದರ ಮಾತು ಇಲ್ಲಿ ತಾಯಿ–ಮಗಳ ನಡುವೆ ಬಹಿರಂಗವಾಗಿಯೇ ಬರುತ್ತದೆ. ಅಷ್ಟೂ ಕ್ವಿಲ್ಟ್‌ಗಳಲ್ಲಿ ಕಲಾಲೋಕದ ಎದುರು ಧೈರ್ಯವಾಗಿ ಮಾತಾಡಿದ ಹೆಣ್ಣು, ಕೊನೆಗೆ ತನ್ನ ಮಗಳ ಎದುರು ಉತ್ತರ ಹೇಳಬೇಕಾಗುತ್ತದೆ. ಬಿಟ್ಟುಹೋಗುವ ಹಕ್ಕು ಗಂಡಿಗಿದ್ದಷ್ಟೇ ಹೆಣ್ಣಿಗೂ ಇದೆ ಎಂದು ಸಾಧಿಸುವ ಕೃತಿಗಳು ಹಲವಿವೆ. ಆ ಹಕ್ಕನ್ನು ಪೂರ್ತಿ ಎತ್ತಿಹಿಡಿಯುತ್ತಲೇ ಅದಕ್ಕೆ ತೆತ್ತ ಬೆಲೆಯನ್ನು ಮಗಳ ಮುಖದಲ್ಲಿ ತೋರಿಸುವ ನೈತಿಕ ಎಚ್ಚರ ಅಪರೂಪ.

2022ರಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂ, 2023ರಲ್ಲಿ ಪ್ಯಾರಿಸ್ಸಿನ ಪಿಕಾಸೊ ಸಂಗ್ರಹಾಲಯ ರಿಂಗೋಲ್ಡ್ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿದ ಮೇಲೆ, ಯೂರೋಪಿನ ಗುರುಗಳ ಸಾಲಿನಲ್ಲಿ ಅವರಿಗೆ ಜಾಗವಿದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆತಂತಾಗಿದೆ. ಮನೆಯ ಪ್ರಶ್ನೆಗೆ ಅವರು ತಾವೇ ಕೊಟ್ಟುಕೊಂಡ ಉತ್ತರವೆಂದರೆ 1997ರಲ್ಲಿ ಆರಂಭಿಸಿದ ‘ದಿ ಅಮೆರಿಕನ್ ಕಲೆಕ್ಷನ್’. ಆ ಕ್ವಿಲ್ಟ್‌ಗಳು ಮಾರ್ಲೀನಾ ಎಂಬ ಕಲಾವಿದೆಯ ರಚನೆಗಳೆಂಬ ಕಲ್ಪನೆಯಲ್ಲಿ ಮೂಡಿದವು. ಅಟ್ಲಾಂಟಾಗೆ ಕಳಿಸಲ್ಪಟ್ಟ ಮಗಳೇ ಅಲ್ಲಿ ಕುಂಚ ಹಿಡಿದು, ಗುಲಾಮರ ಹಡಗಿನಿಂದ ಮೊದಲಾದ ತನ್ನ ನಾಡಿನ ಕಥೆಯನ್ನು ಚಿತ್ರಿಸುತ್ತಾಳೆ. ತಾಯಿಯ ಸಮರ್ಥನೆಯನ್ನು ಕೊನೆಯ ಮಾತಾಗಲು ಬಿಡದೆ, ಬಿಟ್ಟುಹೋದವಳ ಬಳಿಕ ಬಿಡಲ್ಪಟ್ಟವಳಿಗೂ ಅದೇ ಘನತೆಯ ಮಾಧ್ಯಮವನ್ನು ಒಪ್ಪಿಸಿದ್ದರಿಂದಲೇ ರಿಂಗೋಲ್ಡ್ ಅವರ ಸಾಧನೆ ಪರಂಪರೆಗೆ ಎಸೆದ ಸವಾಲಿನಾಚೆಗೆ ಬೆಳೆದು, ಮನೆ ಮತ್ತು ಕಲೆಯ ನಡುವಿನ ನ್ಯಾಯವನ್ನು ಕುರಿತ ಅತ್ಯಂತ ಪ್ರಾಮಾಣಿಕ ಚಿಂತನೆಗಳಲ್ಲಿ ಒಂದಾಗಿದೆ.