ಆರು ಹಾಕಿದರೆ ಎದ್ದೀತು, ಆದರೆ ಎದ್ದದ್ದು ಯಾವುದು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗರ ನಡುವೆ ಒಂದು ಮದ್ದಿಗೆ ಭಾರೀ ಹೆಸರು. ಮೈಎಸ್‌ಕ್ಯೂಎಲ್ ಸರ್ವರ್ ಏಳುತ್ತಲೇ ಬೀಳುತ್ತಿದೆಯೇ, ವಿಂಡೋಸ್ 1067 ಎಂಬ ಸಂಖ್ಯೆ ತೋರಿಸಿ ಸುಮ್ಮನಾಗುತ್ತಿದೆಯೇ, ಸೆಟ್ಟಿಂಗ್ ಫೈಲಿನಲ್ಲಿ ‘ಇನ್ನೋಡಿಬಿ ಫೋರ್ಸ್ ರಿಕವರಿ’ಯ ಮುಂದೆ 6 ಬರೆದುಬಿಡುತ್ತಾರೆ. "ಆರು ಹಾಕ್ರಿ ಸರ, ಎದ್ದು ಕುಂದ್ರತೈತಿ." ಬಹಳ ಸಲ ಎದ್ದು ಕೂರುವುದೂ ನಿಜ. ಆ ಹೆಸರು ಬಂದದ್ದು ಅದರಿಂದಲೇ. ನನ್ನ ತಕರಾರು ಇರುವುದೂ ಅದರ ಮೇಲೆಯೇ.

ಕರ್ಜಗಿಯ ನಮ್ಮ ಸೋದರಮಾವ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಮೆಣಸಿನಕಾಯಿ ತೂಕವಾದ ಕೂಡಲೇ ಮೊದಲು ಕಿರ್ದಿಗೆ ಬರೆಯುವುದು, ಪುರುಸೊತ್ತಾದಾಗ ಅದನ್ನು ಖತಾವಣಿಗೆ ಏರಿಸುವುದು. ನಡುವೆ ದೀಪ ಹೋದರೂ ಕಿರ್ದಿ ಇದ್ದರೆ ಖಾತೆಗಳನ್ನು ಮತ್ತೆ ಕಟ್ಟಬಹುದು. ಡೇಟಾಬೇಸ್ ಮಾಡುವುದೂ ಇದನ್ನೇ. ಬದಲಾವಣೆ ಮೊದಲು ರೀಡೂ ಲಾಗಿಗೆ ಬೀಳುತ್ತದೆ, 16 ಕೆಬಿಯ ಪುಟಗಳು ಡಿಸ್ಕಿಗೆ ಇಳಿಯುವುದು ಆಮೇಲೆ. ಸಿ. ಮೋಹನ್ ಮತ್ತು ಐಬಿಎಂನ ಅವರ ಜೊತೆಗಾರರು 1992ರಲ್ಲಿ ‘ಏರೀಸ್’ ಎಂಬ ವಿಧಾನವನ್ನು ಪ್ರಕಟಿಸಿದರು. ನಡೆದದ್ದನ್ನೆಲ್ಲ ಮೊದಲು ಇದ್ದ ಹಾಗೆಯೇ ಮತ್ತೆ ನಡೆಸು, ಬಳಿಕ ಅರ್ಧಕ್ಕೆ ನಿಂತದ್ದನ್ನು ಹಿಂದಕ್ಕೆ ತೆಗೆ ಎಂಬುದು ಅದರ ತಿರುಳು. ಬಿದ್ದ ಸರ್ವರ್ ಏಳುವಾಗ ತಡಮಾಡುವುದು ಈ ಕೆಲಸಕ್ಕಾಗಿ.

ಈಗ ಆ ಸೆಟ್ಟಿಂಗಿನ ಆರು ಮೆಟ್ಟಿಲು ನೋಡೋಣ. ಒಂದಕ್ಕೆ ಕೆಟ್ಟ ಪುಟ ಸಿಕ್ಕರೂ ದಾಟಿ ಮುಂದೆ ಹೋಗುತ್ತದೆ. ಎರಡಕ್ಕೆ ಹಿನ್ನೆಲೆಯ ಕೆಲಸಗಳು ನಿಲ್ಲುತ್ತವೆ. ಮೂರಕ್ಕೆ ಅರ್ಧಕ್ಕೆ ನಿಂತ ವ್ಯವಹಾರ ಹಿಂದಕ್ಕೆ ಬರುವುದಿಲ್ಲ. ನಾಲ್ಕರಿಂದ ಮುಂದೆ ಡೇಟಾ ಶಾಶ್ವತವಾಗಿ ಕೆಡಬಹುದೆಂದು ಮೈಎಸ್‌ಕ್ಯೂಎಲ್ ಕೈಪಿಡಿಯೇ ಎಚ್ಚರಿಸುತ್ತದೆ. ಐದಕ್ಕೆ ಅಪೂರ್ಣ ವ್ಯವಹಾರವೂ ಪೂರ್ಣವೆಂದೇ ಲೆಕ್ಕ. ಆರಕ್ಕೆ ರೀಡೂ ಲಾಗನ್ನೇ ಓದುವುದಿಲ್ಲ. ಅಂದರೆ ಕಿರ್ದಿಯನ್ನು ಮುಚ್ಚಿಟ್ಟು, ಖತಾವಣಿ ಎಲ್ಲಿಗೆ ನಿಂತಿತ್ತೋ ಅದನ್ನೇ ನಿಜವೆಂದು ಒಪ್ಪುವುದು. ಒಂದು ಖಾತೆ ಏರಿದೆ, ಅದರ ಜೋಡಿ ಖಾತೆ ಏರಿಲ್ಲ ಎಂಬುದು ಆಗ ಸರ್ವರ್‌ಗೂ ಗೊತ್ತಾಗದು, ನಮಗೂ ಗೊತ್ತಾಗದು. ಇಂಥ ಮೆಟ್ಟಿಲನ್ನು ಮದ್ದು ಎನ್ನುವುದು ತಪ್ಪು. ಬೇರೆ ದಾರಿಯೇ ಇಲ್ಲದಾಗ ಉಳಿದದ್ದನ್ನು ಹೊರಗೆ ತೆಗೆದುಕೊಳ್ಳಲು ಇಟ್ಟ ಕಿಂಡಿ ಅದು. ಒಂದರಿಂದ ಶುರುಮಾಡಿ ಒಂದೊಂದೇ ಏರುತ್ತ ಹೋದವರಿಗೆ ಉಪಕಾರವಾದದ್ದೂ ಉಂಟು, ಅಷ್ಟನ್ನು ಒಪ್ಪುತ್ತೇನೆ.

ಅಂಗಡಿಯೊಂದರಲ್ಲಿ ನಾನು ಕಂಡದ್ದು ಹೀಗೆ. ಸೋಮವಾರದ ಟೆಂಡರ್ ಮುಗಿದು ಪಟ್ಟಿಗಳು ಏರುತ್ತಿದ್ದಾಗ ಕರೆಂಟು ಹೋಯಿತು. ಮಂಗಳವಾರ ಬೆಳಿಗ್ಗೆ ಸರ್ವರ್ ಏಳಲಿಲ್ಲ. ರಿಪೇರಿಗೆ ಬಂದವರು ಆರು ಹಾಕಿದರು, ಎದ್ದಿತು. ಆ ಸ್ಥಿತಿಯಲ್ಲಿ ಓದಬಹುದೇ ಹೊರತು ಬರೆಯಲಾಗದು. ಹಾಗಾಗಿ ಡಂಪ್ ತೆಗೆದು ಹೊಸ ಸರ್ವರಿಗೆ ತುಂಬಿದರು, ಹಳೆಯ ಫೋಲ್ಡರ್ ಅಳಿಸಿದರು. ಸಂಜೆ ನೋಡಿದರೆ ಹಲವು ಲಾಟುಗಳ ಹಣ ಖರೀದಿದಾರರ ಖಾತೆಗೆ ಬಿದ್ದಿದೆ, ರೈತರ ಖಾತೆಗೆ ಬಿದ್ದಿಲ್ಲ. ಎರರ್ ಲಾಗಿನ ಫೋಟೋ ಒಬ್ಬ ಹುಡುಗನ ಮೊಬೈಲಿನಲ್ಲಿತ್ತು. ಎಲ್ಲರೂ ಕೊನೆಯ ಸಾಲನ್ನು ಓದಿದ್ದರು. ನಾನು ಬೆರಳಿನಿಂದ ಮೇಲಕ್ಕೆ ಸರಿಸಿದೆ. ನಾಲ್ಕು ಸಾಲು ಮೇಲೆ ಆಪರೇಟಿಂಗ್ ಸಿಸ್ಟಮ್ಮಿನ ದೋಷಸಂಖ್ಯೆ 112. ವಿಂಡೋಸಿನಲ್ಲಿ ಅದರ ಅರ್ಥ ಡಿಸ್ಕಿನಲ್ಲಿ ಜಾಗ ಇಲ್ಲ ಎಂದು, ಅಷ್ಟೇ. ಹಳೆಯ ಬ್ಯಾಕಪ್ ಜಿಪ್‌ಗಳನ್ನು ಬೇರೆ ಡ್ರೈವಿಗೆ ಸರಿಸಿದ್ದರೆ ಸರ್ವರ್ ತಾನೇ ತನ್ನ ಕಿರ್ದಿ ಓದಿಕೊಂಡು ಏಳುತ್ತಿತ್ತು.

ಬೆಂಗಳೂರಿನ ಗೆಳೆಯರೊಬ್ಬರಿಗೆ ನನ್ನ ಕಿರ್ದಿಯ ಹೋಲಿಕೆ ಒಪ್ಪಿಗೆಯಿಲ್ಲ. ರೀಡೂ ಲಾಗಿನಲ್ಲಿ ವ್ಯವಹಾರ ಇರುವುದಿಲ್ಲ, ಯಾವ ಪುಟದ ಯಾವ ಜಾಗದಲ್ಲಿ ಯಾವ ಬೈಟು ಬದಲಾಯಿತು ಎಂಬುದಷ್ಟೇ ಇರುತ್ತದೆ ಎಂದು ಅವರ ವಾದ. ಮಾತು ಸರಿ. ಆದರೆ ಹೋಲಿಕೆ ನಿಂತಿರುವುದು ಬರೆದ ವಿಷಯದ ಮೇಲಲ್ಲ, ಬರೆಯುವ ಸರದಿಯ ಮೇಲೆ. ಇನ್ನೊಬ್ಬರದು, ಲಾಗು ಓದುತ್ತ ಕೂರುವುದೇ ದಂಡ, ನಿನ್ನೆಯ ಬ್ಯಾಕಪ್ ಹಾಕಿ ಕೆಲಸ ಮುಂದುವರಿಸಿ ಎಂಬ ಮತ. ನಿನ್ನೆಯ ಬ್ಯಾಕಪ್ ಭಾನುವಾರ ರಾತ್ರಿಯದಾಗಿದ್ದರೆ ಒಂದು ಇಡೀ ಪೇಟೆಯ ದಿನ ಹೋಯಿತು. ಡಿಸ್ಕು ತುಂಬಿಯೇ ಇದ್ದರೆ ಹಾಕಿದ ಬ್ಯಾಕಪ್ಪೂ ಮಧ್ಯಾಹ್ನದೊಳಗೆ ಬೀಳುತ್ತದೆ. ಕಾರಣ ಹುಡುಕದೆ ಕೆಲಸ ಮುಂದುವರಿಸುವುದನ್ನು ದಕ್ಷತೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಡೇಟಾ ಫೋಲ್ಡರನ್ನು ಇದ್ದ ಹಾಗೆ ಬೇರೆ ಡಿಸ್ಕಿಗೆ ನಕಲು ಮಾಡಿ, ಲಾಗಿನ ಮೊದಲ ದೋಷದ ಸಾಲು ಓದಿ. ಈ ಎರಡು ಕೆಲಸಕ್ಕೆ ಯಾರೂ ಹೆಸರು ಕೊಟ್ಟಿಲ್ಲ, ಕೊಡಬೇಕಿತ್ತು.

ಆ ಅಂಗಡಿಯ ಸೋಮವಾರದ ಲೆಕ್ಕವನ್ನು ಮೂವರು ಕೂತು ಎರಡು ರಾತ್ರಿ ಕಟ್ಟಿದೆವು. ಕರ್ಜಗಿಯ ರೈತರೊಬ್ಬರ ಒಂಬತ್ತು ಚೀಲ ಎಲ್ಲಿಯೂ ಕಾಣಲಿಲ್ಲ. ಗುರುವಾರ ಅವರೇ ಬಂದು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ತೂಕದ ಚೀಟಿ ತೆಗೆದು ಟೇಬಲ್ಲಿನ ಮೇಲೆ ಹರವಿದರು. ಕಾರ್ಬನ್ನಿನ ನೀಲಿ ಅಕ್ಷರ ಬೆವರಿಗೆ ಅಲ್ಲಲ್ಲಿ ಹರಡಿತ್ತು, ಒಂಬತ್ತರ ಅಂಕಿ ಮಾತ್ರ ಓದಲು ಬರುತ್ತಿತ್ತು.