ದೂರಪಾಠದಲ್ಲಿ ಸಹಾಯಕರ ಪಾಲು

ಕರ್ನಾಟಕ ಸಂಗೀತದ ವಿದ್ವಾಂಸರು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ತಮ್ಮ ಮನೆಯ ಕೊಠಡಿಯಲ್ಲಿ ಕುಳಿತು, ನ್ಯೂಜೆರ್ಸಿ, ಕ್ಯಾಲಿಫೋರ್ನಿಯ, ಲಂಡನ್ನುಗಳಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುವುದು ಈಗ ಯಾರಿಗೂ ವಿಶೇಷವೆನಿಸದಷ್ಟು ರೂಢಿಗೆ ಬಂದಿದೆ. ಆದರೆ ಆ ಪಾಠದ ಹಿಂದೆ ಒಬ್ಬಿಬ್ಬರು ಹಿರಿಯ ಶಿಷ್ಯರು ಸದ್ದಿಲ್ಲದೆ ದುಡಿಯುತ್ತಿರುತ್ತಾರೆಂಬುದು ಅಷ್ಟಾಗಿ ವಿಮರ್ಶೆಗೆ ಒಳಗಾಗಿಲ್ಲ. ಲಿಂಕ್ ಕಳಿಸುವುದು, ಫೀಸಿನ ಲೆಕ್ಕವಿಡುವುದು, ಪಾಠ ತಪ್ಪಿದ ಮಗುವಿಗೆ ಬೇರೊಂದು ಹೊತ್ತು ಗೊತ್ತುಮಾಡುವುದು, ಅಭ್ಯಾಸದ ಧ್ವನಿಮುದ್ರಿಕೆಗಳನ್ನು ಕೇಳಿ ಉತ್ತರಿಸುವುದು, ಇವೆಲ್ಲ ಅವರ ಪಾಲು. ಇದನ್ನು ವ್ಯಾಪಾರವೆಂದು ತಳ್ಳಿಹಾಕುವವರೂ ಉಂಟು, ಕಾಲಧರ್ಮವೆಂದು ಸುಮ್ಮನೆ ಒಪ್ಪುವವರೂ ಉಂಟು. ಈ ಪದ್ಧತಿಯನ್ನು ತೂಗುವುದಕ್ಕೆ ನನಗೆ ಒಂದೇ ಪ್ರಶ್ನೆ ಸಾಕೆಂದು ತೋರುತ್ತದೆ: ಸಹಾಯಕರ ದೆಸೆಯಿಂದ ಗುರುವಿಗೆ ಉಳಿದ ಹೊತ್ತು ಇರುವ ಶಿಷ್ಯರ ಕಂಠವನ್ನು ಕೇಳುವುದಕ್ಕೆ ಸಲ್ಲುತ್ತದೆಯೆ, ಇಲ್ಲವೆ ಹೊಸದೊಂದು ಬ್ಯಾಚಿಗೆ ಸಲ್ಲುತ್ತದೆಯೆ?

ಭಾರವಂತೂ ನಿಜವಾದುದು. ನಮ್ಮ ಗಡಿಯಾರ ವರ್ಷವಿಡೀ ಒಂದೇ ತೆರನಾಗಿ ನಡೆಯುತ್ತದೆ. ಅಮೆರಿಕದ ಬಹುಭಾಗದಲ್ಲಿ ಅದು ಮಾರ್ಚಿನಲ್ಲಿ ಒಂದು ಗಂಟೆ ಮುಂದಕ್ಕೂ ನವೆಂಬರಿನಲ್ಲಿ ಹಿಂದಕ್ಕೂ ಸರಿಯುವುದರಿಂದ, ಕ್ಯಾಲಿಫೋರ್ನಿಯದ ಶನಿವಾರ ಸಂಜೆ 6.30ರ ಪಾಠ ಬೇಸಗೆಯಲ್ಲಿ ಇಲ್ಲಿಯ ಭಾನುವಾರ ಬೆಳಿಗ್ಗೆ 7 ಗಂಟೆಗೂ ಚಳಿಗಾಲದಲ್ಲಿ 8 ಗಂಟೆಗೂ ಬೀಳುತ್ತದೆ. ಬ್ರಿಟನ್ನಿನ ಗಡಿಯಾರ ಬದಲಾಗುವ ದಿನವೋ ಬೇರೆಯೇ. ಬೆಳಗಿನ ಸಾಧಕಕ್ಕೆ ಕುಳಿತುಕೊಳ್ಳಬೇಕಾದ ವಿದ್ವಾಂಸರು ಇಂಥ ಲೆಕ್ಕದಲ್ಲಿ ತೊಡಗಬೇಕೆಂದು ಯಾರೂ ಬಯಸಲಾರರು.

ಇನ್ನು ಶಬ್ದದ ವಿಷಯ. ಇಬ್ಬರು ಒಂದೇ ಲಯದಲ್ಲಿ ಕೂಡಿ ಹಾಡಬೇಕಾದರೆ ಒಬ್ಬರ ಧ್ವನಿ ಇನ್ನೊಬ್ಬರನ್ನು ಸುಮಾರು 30 ಮಿಲಿಸೆಕೆಂಡಿನೊಳಗೆ, ಅಂದರೆ ಗಾಳಿಯಲ್ಲಿ ಹತ್ತು ಮೀಟರು ಸಾಗುವ ಹೊತ್ತಿನಲ್ಲಿ, ಮುಟ್ಟಬೇಕು. ಖಂಡಾಂತರದ ಪಾಠದಲ್ಲಿ ಅದು ಇದರ ಹಲವು ಪಟ್ಟು ತಡವಾಗಿ ಮುಟ್ಟುವುದರಿಂದ, ಗುರುವಿನ ಕಂಠಕ್ಕೆ ಕಂಠ ಸೇರಿಸಿ ಕಲಿಯುವ ಭಾಗ್ಯವೇ ಅಲ್ಲಿಲ್ಲ. ಎಲ್ಲರ ಮೈಕನ್ನೂ ಮ್ಯೂಟ್ ಮಾಡಿ ಒಬ್ಬೊಬ್ಬರಿಂದ ಹಾಡಿಸಬೇಕಾಗುತ್ತದೆ. 40 ನಿಮಿಷದ ತರಗತಿಯಲ್ಲಿ ಎಂಟು ಮಕ್ಕಳಿದ್ದರೆ, ಗುರು ತಾವು ಹಾಡಿ ತೋರಿಸದೆಯೇ ಹೋದರೂ, ತಲೆಗೆ ಐದೇ ನಿಮಿಷ. ಅದರ ಮೇಲೆ, ಹಿನ್ನೆಲೆಯ ಸದ್ದನ್ನಡಗಿಸಲೆಂದು ಜೂಮ್‌ನಂಥ ತಂತ್ರಾಂಶದಲ್ಲಿರುವ ಏರ್ಪಾಡು ಮಾತಿಗೆಂದು ರೂಪಿತವಾದುದರಿಂದ, ಎಡೆಬಿಡದೆ ಮೊಳಗುವ ತಂಬೂರಿಯ ನಾದವನ್ನೂ ಫ್ಯಾನಿನ ಸದ್ದೆಂದು ಬಗೆದು ಅಳಿಸಿಬಿಡಬಲ್ಲುದು. ಪಾಠಕ್ಕೆ ಹತ್ತು ನಿಮಿಷ ಮೊದಲೇ ಬಂದು, ಒಂದೊಂದು ಮಗುವಿನ ಕಡೆಯೂ ನಾದವನ್ನು ಹಾಗೆ ಅಳಿಸದಿರುವ ಒರಿಜಿನಲ್ ಸೌಂಡ್ ಆಯ್ಕೆಯಾಗಿದೆಯೆ, ಶ್ರುತಿಪೆಟ್ಟಿಗೆಯ ಮನೆ ಸರಿಯಾಗಿದೆಯೆ ಎಂದು ನೋಡಿಕೊಳ್ಳುವ ಸಹಾಯಕಿ ಆ ಐದು ನಿಮಿಷವನ್ನು ನಿಜವಾಗಿ ಐದು ನಿಮಿಷವಾಗಿ ಉಳಿಸಿಕೊಡುತ್ತಾಳೆ. ಈ ಕೆಲಸ ಗುಮಾಸ್ತಿಕೆಯಂತೆ ಕಂಡರೂ ಶ್ರುತಿಜ್ಞಾನವಿಲ್ಲದವರಿಂದ ಆಗತಕ್ಕದ್ದಲ್ಲ. ಆದಕಾರಣ ಹೊರಗಿನ ಕಚೇರಿ ನೌಕರರನ್ನು ಬಿಟ್ಟು ಶಿಷ್ಯವರ್ಗದಿಂದಲೇ ಸಹಾಯಕರನ್ನು ಆರಿಸಿಕೊಳ್ಳುವುದು ವಿವೇಕವೆಂದೇ ಹೇಳಬೇಕು.

ಹಿರಿಯ ಶಿಷ್ಯರು ಕಿರಿಯರಿಗೆ ಹೇಳಿಕೊಡುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಬಳಿ ಬೆಳೆದು ಕಲಿತ ಪುಟ್ಟರಾಜ ಗವಾಯಿಗಳೇ 1944ರಲ್ಲಿ ಗುರುಗಳು ಕಾಲವಾದ ಮೇಲೆ ಆಶ್ರಮದ ಹೊಣೆಯನ್ನು ಹೊತ್ತು, ಅಸಂಖ್ಯ ಅಂಧರಿಗೂ ಅನಾಥರಿಗೂ ವಿದ್ಯಾದಾನ ಮಾಡಿದರು. ಆದರೆ ಒಂದೇ ಸೂರಿನ ಕೆಳಗಿನ ಆ ಪಾಠಕ್ಕೂ ಇಂದಿನ ಹಂಚಿಕೆಗೂ ಮುಖ್ಯವಾದ ಒಂದು ಅಂತರವಿದೆ. ಗುರುವಿನ ಮನೆಯಲ್ಲಿ ಜಗಲಿಯ ಮೇಲೆ ಹಿರಿಯ ಶಿಷ್ಯ ಹುಡುಗರಿಗೆ ಜಂಟಿವರಸೆ ಹೇಳಿಸುತ್ತಿದ್ದರೆ, ಒಳಗೆ ಊಟಕ್ಕೆ ಕುಳಿತ, ಯಾರೊಡನೆಯೋ ಮಾತನಾಡುತ್ತಿದ್ದ, ಅರೆನಿದ್ದೆಯಲ್ಲಿದ್ದ ಗುರುವಿನ ಕಿವಿಗೆ ಅದು ಬೀಳುತ್ತಲೇ ಇರುತ್ತಿತ್ತು. ಧೈವತ ತುಸು ಏರಿದರೆ ಒಳಗಿನಿಂದಲೇ ಒಂದು ಹೂಂಕಾರ ಬಂದು, ಹೇಳಿಸುತ್ತಿದ್ದವನೂ ಹೇಳುತ್ತಿದ್ದವರೂ ಒಟ್ಟಿಗೆ ತಿದ್ದಿಕೊಳ್ಳುತ್ತಿದ್ದರು. ಯಾರೂ ಏರ್ಪಡಿಸದೆ ತಾನಾಗಿ ಒದಗುತ್ತಿದ್ದ ಈ ಮೇಲ್ವಿಚಾರಣೆ ದೂರಪಾಠದಲ್ಲಿ ಸಂಪೂರ್ಣವಾಗಿ ಲುಪ್ತವಾಗಿದೆ. ಸಹಾಯಕ ಬೇರೊಂದು ಊರಿನಲ್ಲಿ, ಬೇರೊಂದು ಪರದೆಯ ಮುಂದೆ ಹೇಳಿಕೊಟ್ಟದ್ದು ಗುರುವಿನ ಕಿವಿಗೆ ಎಂದೂ ಬೀಳುವುದಿಲ್ಲ. ಹಿಂದೆ ತಾನಾಗಿ ನಡೆಯುತ್ತಿದ್ದುದನ್ನು ಈಗ ನಿಯಮದಿಂದ ನಡೆಸಬೇಕು: ವಾರಕ್ಕೊಮ್ಮೆಯಾದರೂ ಗುರು ಮುನ್ಸೂಚನೆಯಿಲ್ಲದೆ ಸಹಾಯಕರ ತರಗತಿಗೆ ಬಂದು ಕೂರಬೇಕು. ಇದನ್ನು ಅಪನಂಬಿಕೆಯೆಂದು ಎಣಿಸುವ ಸಹಾಯಕರು ಆ ಹೊಣೆಗೆ ಇನ್ನೂ ಸಿದ್ಧರಾಗಿಲ್ಲವೆಂದೇ ತಿಳಿಯಬೇಕು.

ಎಲ್ಲಕ್ಕಿಂತ ನನಗೆ ಒಪ್ಪಿಗೆಯಾಗದಿರುವುದು ಆರಂಭದ ಮಕ್ಕಳೆಲ್ಲರನ್ನೂ ಸಹಾಯಕರಿಗೆ ಒಪ್ಪಿಸಿ, ವರ್ಣಕ್ಕೂ ಕೀರ್ತನೆಗೂ ಬಂದವರನ್ನು ಮಾತ್ರ ಗುರು ಇರಿಸಿಕೊಳ್ಳುವ ವಾಡಿಕೆ. ಸರಳೆವರಸೆಯನ್ನು ಯಾರು ಹೇಳಿಸಿದರೇನು ಎಂಬ ಭಾವನೆ ಇದರ ಮೂಲದಲ್ಲಿದೆ. ಮಾಯಾಮಾಳವಗೌಳದ ಕೋಮಲವಾದ ರಿಷಭವನ್ನು ಷಡ್ಜದಿಂದ ಎಷ್ಟು ದೂರದಲ್ಲಿ ನಿಲ್ಲಿಸಬೇಕು, ಮೂರನೆಯ ಕಾಲದಲ್ಲಿ ಮಗು ಕಂಠವನ್ನು ಬಿಗಿಹಿಡಿಯುತ್ತಿದೆಯೆ, ಅಕಾರದಲ್ಲಿ ಬಾಯಿ ತೆರೆಯುತ್ತಿದೆಯೆ ಎಂಬುವು ಮೊದಲ ವರ್ಷದಲ್ಲಿಯೇ ನೆಲೆಗೊಳ್ಳುತ್ತವೆ; ಆಗ ಉಳಿದ ದೋಷ ತೋಡಿಯ ಗಾಂಧಾರಕ್ಕೆ ಬರುವ ವೇಳೆಗೆ ತಿದ್ದುವುದಕ್ಕೆ ಕಷ್ಟವಾಗುವಷ್ಟು ಗಟ್ಟಿಯಾಗಿರುತ್ತದೆ. ಪಾಠವಾದ ಮೇಲೆ ವರಸೆಗಳನ್ನು ತಾಳ ಹಾಕಿ ಮತ್ತೆಮತ್ತೆ ಹೇಳಿಸುವುದು ಸಹಾಯಕರಿಗೆ ಸಲ್ಲಲಿ. ವಾಟ್ಸ್ಯಾಪಿನಲ್ಲಿ ಬಂದ ಮುದ್ರಿಕೆಯನ್ನು ಕೇಳಿ, ಈ ಮಗು ಜಂಟಿಯಿಂದ ಅಲಂಕಾರಕ್ಕೆ ಹೋಗಬಹುದು, ಈ ಮಗು ಹೋಗಬಾರದು ಎಂದು ನಿರ್ಣಯಿಸುವುದು ಮಾತ್ರ ಗುರುವಿನದೇ ಆಗಿರಬೇಕು. ಜೂನಿಯರ್ ಪರೀಕ್ಷೆಗೆ ಈ ವರ್ಷವೇ ಕೂರಿಸಿರೆಂದು ತಂದೆತಾಯಿಗಳು ಒತ್ತಾಯಿಸುವಾಗ, ಆಗದೆಂದು ಹೇಳುವ ಅಧಿಕಾರ ಸಹಾಯಕರಿಗಿರುವುದಿಲ್ಲ. ಆ ಇಕ್ಕಟ್ಟಿಗೆ ಅವರನ್ನು ದೂಡುವುದೂ ನ್ಯಾಯವಲ್ಲ.

ವಿಶ್ವಾಸದ ವಿಚಾರದಲ್ಲಿ ತಂತ್ರಾಂಶಗಳೇ ಕೆಲವು ಮಟ್ಟಗಳನ್ನು ಕಲ್ಪಿಸಿವೆ. ಜೂಮ್‌ನ ಕೋ-ಹೋಸ್ಟ್ ಮೈಕುಗಳನ್ನು ನಿಯಂತ್ರಿಸಬಲ್ಲರು, ತರಗತಿಯನ್ನು ಆರಂಭಿಸಲಾರರು. ಗೂಗಲ್ ಕ್ಲಾಸ್‌ರೂಮಿನ ಸಹಶಿಕ್ಷಕರು ಬಹುತೇಕ ಎಲ್ಲವನ್ನೂ ಮಾಡಬಲ್ಲರು, ತರಗತಿಯನ್ನೇ ಅಳಿಸಲಾರರು. ಗುರುವಿನ ಪಾಸ್‌ವರ್ಡನ್ನೇ ಕೊಟ್ಟುಬಿಡುವ ಔದಾರ್ಯಕ್ಕಿಂತ ಈ ಮರ್ಯಾದೆಗಳೊಳಗೆ ನಡೆಯುವುದು ಇಬ್ಬರಿಗೂ ಕ್ಷೇಮ. ಮಕ್ಕಳ ಮುಖವೂ ಧ್ವನಿಯೂ ಇರುವ ಮುದ್ರಿಕೆಗಳು ಸಹಾಯಕರ ಸ್ವಂತ ಫೋನಿನಲ್ಲಿ ಉಳಿಯಬಾರದು. ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿಗೆ ಪೋಷಕರ ಸಮ್ಮತಿ ಬೇಕೆಂದು ನಮ್ಮ 2023ರ ಕಾಯಿದೆಯೂ ವಿಧಿಸಿದೆ.

ಸಹಾಯಕರಿಗೆ ಸಲ್ಲತಕ್ಕದ್ದೇನು ಎಂಬ ಪ್ರಶ್ನೆಯನ್ನು ಸೇವೆಯೆಂಬ ಮಾತಿನಿಂದ ಮುಚ್ಚಿಬಿಡುವುದು ಸುಲಭ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತ ಭೀಮಸೇನ ಜೋಶಿಯವರ ಉದಾಹರಣೆಯನ್ನು ಇಂಥಲ್ಲಿ ತಪ್ಪದೆ ಎತ್ತುತ್ತಾರೆ. ಆ ತರುಣನಿಗೆ ನೀರು ಹೊತ್ತ ಮನೆಯಲ್ಲಿಯೇ ಗುರುವಿನ ಕಂಠ ಅಹರ್ನಿಶಿ ಕೇಳುತ್ತಿತ್ತು. ಸೇವೆಗೆ ಪ್ರತಿಫಲ ಆ ಸಾನ್ನಿಧ್ಯವೇ ಆಗಿತ್ತು. ಇನ್ನೊಂದು ಊರಿನಿಂದ ಫೀಸಿನ ಪಟ್ಟಿಯನ್ನು ತುಂಬುವ ಇಂದಿನ ಶಿಷ್ಯೆಗೆ ಅಂಥ ಸಾನ್ನಿಧ್ಯವೆಲ್ಲಿಂದ ಬರಬೇಕು? ಆಕೆಯ ದುಡಿಮೆಗೆ ತಿಂಗಳ ಸಂಬಳವಿರಬೇಕು. ಆಕೆ ಹೇಳಿಸುವ ಪಾಠ ಆಕೆಯದೆಂದು ಪೋಷಕರಿಗೆ ಮೊದಲೇ ತಿಳಿದಿರಬೇಕು. ಕಿರಿಯರ ತರಗತಿಗಳ ನಡುವೆ ಮುಂದಕ್ಕೆ ಹೋಗುತ್ತ ಹೋಗುತ್ತ ನಿಂತೇ ಹೋಗುವುದು ಹೆಚ್ಚಾಗಿ ಆಕೆಯ ಸ್ವಂತ ಪಾಠ. ಆದುದರಿಂದ ವಾರದ ವೇಳಾಪಟ್ಟಿಯನ್ನು ಬರೆಯುವಾಗ ಗುರು ಮೊದಲು ಆ ಪಾಠಕ್ಕೆ ಒಂದು ಗಂಟೆಯನ್ನು ತೆಗೆದಿಟ್ಟು, ಮಿಕ್ಕ ಬ್ಯಾಚುಗಳನ್ನು ಆಮೇಲೆ ಹೊಂದಿಸತಕ್ಕದ್ದು.